ಮುಟ್ಟುವ ಮುನ್ನ ಒಂದು ಮಾತು

ನನ್ನ ಸೋದರತ್ತೆಯವರಿಗೆ ಎಪ್ಪತ್ತು ದಾಟಿದ ಮೇಲೆ ಆಗಾಗ ತಲೆಸುತ್ತು ಬರತೊಡಗಿತು. ಶುಂಠಿ ಕಷಾಯ, ಜೀರಿಗೆ ಕಷಾಯಗಳಲ್ಲಿಯೇ ಜೀವಮಾನವನ್ನು ನೂಕಿದ್ದ ಆಕೆಯನ್ನು ಬಹಳ ಒತ್ತಾಯಪಡಿಸಿ ಒಂದು ದಿನ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಬೆಳಗಿನಿಂದ ಚೀಟಿ ಹಿಡಿದು ಸಾಲಿನಲ್ಲಿ ಕುಳಿತು, ಹನ್ನೊಂದರ ಸುಮಾರಿಗೆ ನಮ್ಮ ಸರದಿ ಬಂದಾಗ, ಅಲ್ಲಿದ್ದ ತರುಣನೊಬ್ಬನು ಆಕೆಯ ಮುಖವನ್ನು ನೋಡದೆ, ಮಾತೊಂದನ್ನೂ ಆಡದೆ, ಸೆರಗನ್ನು ಬದಿಗೆ ಸರಿಸಿ ತೋಳಿಗೆ ರಕ್ತದೊತ್ತಡದ ಪಟ್ಟಿಯನ್ನು ಸುತ್ತಿ ಗಾಳಿಯೊತ್ತತೊಡಗಿದನು. ಪಟ್ಟಿಯು ಬಿಗಿಯುತ್ತ ಬಂದಂತೆ ಅತ್ತೆಯ ಕಣ್ಣುಗಳು ಗೋಡೆಯ ಯಾವುದೋ ಒಂದು ಕಡೆ ನಟ್ಟು ನಿಂತವು. ಹಣೆಯಲ್ಲಿ ಬೆವರು ಮೂಡಿತು. ಇನ್ನೊಂದು ಕೈ ಮೇಜಿನ ಅಂಚನ್ನು ಬೆರಳ ಗೆಣ್ಣುಗಳು ಬೆಳ್ಳಗಾಗುವಷ್ಟು ಬಲವಾಗಿ ಹಿಡಿದುಕೊಂಡಿತು. ಮರುಕ್ಷಣವೇ ಆಕೆ ಹಾವು ತುಳಿದವರಂತೆ ಎದ್ದು, ಪಟ್ಟಿಯನ್ನು ಕಿತ್ತು ಮೇಜಿನ ಮೇಲೆ ಹಾಕಿ, "ಬಾರೋ, ಮನೆಗೆ ಹೋಗೋಣ" ಎಂದು ಹೊರಟೇಬಿಟ್ಟರು. "ವಯಸ್ಸಾದವರ ಹಟ" ಎಂದು ಅವನು ಮುಂದಿನವರನ್ನು ಕರೆದನು. ನಾನೂ ಅಂದು ಹಾಗೆಯೇ ತಿಳಿದು, ದಾರಿಯುದ್ದಕ್ಕೂ ಆಕೆಯನ್ನು ಗದರಿಸಿಕೊಂಡೇ ಬಂದೆನೆಂಬುದನ್ನು ನೆನೆದರೆ ಈಗಲೂ ಮನಸ್ಸು ಮುದುಡುತ್ತದೆ.

ಮೂರು ತಿಂಗಳಾದ ಮೇಲೆ, ತಲೆಸುತ್ತು ಬಂದು ಹಿತ್ತಲಿನ ಮೆಟ್ಟಿಲಲ್ಲಿ ಬಿದ್ದದ್ದರಿಂದ, ಮತ್ತೊಂದು ಕಡೆಗೆ ಹೋಗಬೇಕಾಯಿತು. ಅಲ್ಲಿದ್ದ ದಾದಿಯೊಬ್ಬರು ಅತ್ತೆಯ ಹೆಗಲು ಸೆಟೆದುಕೊಂಡಿದ್ದುದನ್ನು ಬಾಗಿಲಲ್ಲಿಯೇ ಗಮನಿಸಿದರೆಂದು ತೋರುತ್ತದೆ. ಎದುರಿಗೆ ನಿಲ್ಲದೆ, ಒಂದು ಸ್ಟೂಲನ್ನು ಎಳೆದುಕೊಂಡು ಪಕ್ಕದಲ್ಲಿ ಕುಳಿತು, ಊರು ಯಾವುದು, ಮಳೆ ಹೇಗೆ ಎಂದು ಎರಡು ಮಾತು ಆಡಿ, ಪಟ್ಟಿಯನ್ನು ಆಕೆಯ ಕೈಗೇ ಕೊಟ್ಟು, "ಅಮ್ಮಾ, ಇದನ್ನು ತೋಳಿಗೆ ಕಟ್ತೀನಿ. ಸ್ವಲ್ಪ ಹೊತ್ತು ಬಿಗಿಯಾಗುತ್ತೆ, ಆಮೇಲೆ ತಾನೇ ಸಡಿಲವಾಗುತ್ತೆ. ಬೇಡ ಅನ್ನಿಸಿದರೆ ಈ ಕೈ ಎತ್ತಿ, ತಕ್ಷಣ ಬಿಚ್ಚಿಬಿಡ್ತೀನಿ. ಕಟ್ಟಲಾ?" ಎಂದು ಕೇಳಿದರು. ಅತ್ತೆ ಪಟ್ಟಿಯನ್ನು ಒಂದೆರಡು ಸಲ ತಿರುವಿ ನೋಡಿ, ತಾವೇ ಸೆರಗನ್ನು ಸರಿಸಿ ತೋಳನ್ನು ಮುಂದೆ ಚಾಚಿದರು. ಮೇಲಿನ ಅಂಕೆ 180ರ ಮೇಲಿತ್ತು. ಅಂದಿನಿಂದ ಮಾತ್ರೆ ಮೊದಲಾಯಿತು.

ಆಕೆಯ ತೋಳಿಗೂ ಬಿಗಿತಕ್ಕೂ ಏನು ಸಂಬಂಧವೆಂಬುದು ನನಗೆ ತಿಳಿದದ್ದು ಅದಾಗಿ ಎಷ್ಟೋ ಕಾಲಕ್ಕೆ, ನನ್ನ ತಾಯಿಯ ಬಾಯಿಂದ, ಒಂದೇ ವಾಕ್ಯದಲ್ಲಿ, ಅದನ್ನಿಲ್ಲಿ ಬರೆಯತಕ್ಕದ್ದಲ್ಲ. ಹದಿನಾರನೆಯ ವಯಸ್ಸಿನಲ್ಲಿ ಒಂದು ಬಲಾತ್ಕಾರದ ಹಿಡಿತಕ್ಕೆ ಸಿಕ್ಕಿದ್ದ ತೋಳು ಅರ್ಧ ಶತಮಾನಕ್ಕೂ ಮಿಕ್ಕಿ ಅದನ್ನು ಮರೆತಿರಲಿಲ್ಲ ಎಂದಷ್ಟೇ ಹೇಳಿದರೆ ಸಾಕು. ನನಗೆ ಆಶ್ಚರ್ಯವಾದ ಸಂಗತಿ ಬೇರೊಂದು. ಆ ದಾದಿಗೆ ಈ ಕಥೆಯೊಂದೂ ಗೊತ್ತಿರಲಿಲ್ಲ. ಅವರು ಕೇಳಲೂ ಇಲ್ಲ. ಗೊತ್ತಿಲ್ಲದೆಯೇ, ಗೊತ್ತಿದ್ದವರು ಹೇಗೆ ನಡೆದುಕೊಳ್ಳಬೇಕಾಗಿತ್ತೋ ಹಾಗೆ ನಡೆದುಕೊಂಡರು. ಆರೋಗ್ಯಸೇವೆಯ ವಿದ್ವಾಂಸರು ಕಳೆದ ಕಾಲು ಶತಮಾನದಿಂದ 'ಆಘಾತದ ಅರಿವುಳ್ಳ ಆರೈಕೆ' ಎಂದು ಹೆಸರಿಟ್ಟು ಪ್ರತಿಪಾದಿಸುತ್ತಿರುವ ವಿಚಾರದ ತಿರುಳು ಅಂದು ಆ ಸ್ಟೂಲಿನ ಮೇಲೆ ಕುಳಿತಿತ್ತು.

ಹೆಸರಿನ ವಿಷಯವಾಗಿ ಒಂದು ಮಾತು. 'ಟ್ರಾಮಾ' ಎಂಬುದಕ್ಕೆ ನಾವು 'ಆಘಾತ'ವೆನ್ನುತ್ತೇವೆ. ಗ್ರೀಕಿನಲ್ಲಿ ಆ ಶಬ್ದಕ್ಕೆ ಗಾಯವೆಂದರ್ಥ. ನಮ್ಮ ಆಘಾತಕ್ಕೆ ಹೊಡೆತವೆಂದರ್ಥ. ಹೊಡೆತವಾದರೋ ಕ್ಷಣಮಾತ್ರದ್ದು, ಹೊಡೆದವನು ಸತ್ತು ಮಣ್ಣಾಗಿರಬಹುದು, ಊರು ಅದನ್ನು ಮರೆತಿರಬಹುದು. ಗಾಯವು ಹಾಗಲ್ಲ, ಅದು ಹೊಡೆಸಿಕೊಂಡವರೊಡನೆ ಉಳಿದು, ಅವರೊಡನೆ ಮುಪ್ಪಾಗುತ್ತದೆ. ರಸ್ತೆಯಲ್ಲಿ ಕಾಲು ಮುರಿದುಕೊಂಡವರನ್ನು ಹೊತ್ತೊಯ್ಯುವ ಕಟ್ಟಡಕ್ಕೆ 'ಟ್ರಾಮಾ ಸೆಂಟರ್' ಎಂದು ಫಲಕ ಹಾಕಿಕೊಂಡಿರುವ ನಮಗೆ, ಕಾಣದ ಗಾಯವನ್ನು ಹೊತ್ತವರು ಆಸ್ಪತ್ರೆಯ ಪ್ರತಿಯೊಂದು ಸಾಲಿನಲ್ಲಿಯೂ, ದಂತವೈದ್ಯರ ಕುರ್ಚಿಯಲ್ಲಿಯೂ, ಕಣ್ಣಿನ ಪರೀಕ್ಷೆಯ ಕತ್ತಲೆಯ ಕೋಣೆಯಲ್ಲಿಯೂ ಇದ್ದಾರೆಂಬುದು ಹೊಳೆಯುವುದು ಕಷ್ಟ.

ವೇದಾಂತಿಗಳ ಹಗ್ಗ ಮತ್ತು ಹಾವಿನ ದೃಷ್ಟಾಂತವನ್ನು ಕೇಳದ ಕನ್ನಡಿಗರು ವಿರಳ. ಮಬ್ಬಿನಲ್ಲಿ ಹಗ್ಗವನ್ನು ಹಾವೆಂದು ಭ್ರಮಿಸಿ ಬೆಚ್ಚಿದವನು, ದೀಪವನ್ನು ತಂದೊಡನೆ ಹಗ್ಗವನ್ನು ಹಗ್ಗವೆಂದೇ ಕಂಡು ನಿರ್ಭಯನಾಗುತ್ತಾನೆ. ಆದರೆ ಒಮ್ಮೆ ನಿಜವಾದ ಹಾವಿನಿಂದಲೇ ಕಡಿಸಿಕೊಂಡವನ ಅವಸ್ಥೆ ಬೇರೆ. ದೀಪವಿದೆ, ಇದು ಹಗ್ಗವೆಂದು ಬುದ್ಧಿ ಹೇಳುತ್ತಿದೆ, ಆದರೂ ಕಾಲು ಹಿಂದಕ್ಕೆ ಸರಿಯುತ್ತದೆ, ಎದೆ ಹೊಡೆದುಕೊಳ್ಳುತ್ತದೆ. ಬುದ್ಧಿಯು ವಿಚಾರಣೆಗೆ ಕೂರುವ ಮೊದಲೇ ದೇಹವು ತೀರ್ಪು ಕೊಟ್ಟಾಗಿರುತ್ತದೆ. ಮಿದುಳಿನಾಳದಲ್ಲಿ ಬಾದಾಮಿಯ ಆಕಾರದ, ಅದರಿಂದಲೇ 'ಅಮಿಗ್ಡಾಲ'ವೆಂಬ ಹೆಸರು ಪಡೆದ ಒಂದು ಪುಟ್ಟ ಭಾಗವಿದೆ. ಅಪಾಯದ ಸೂಚನೆಯನ್ನು ಹಿಡಿಯುವುದೂ, ಒಡನೆಯೇ ದೇಹವನ್ನೆಲ್ಲ ಎಚ್ಚರಿಸುವುದೂ ಅದರ ಮುಖ್ಯ ಕೆಲಸಗಳಲ್ಲೊಂದು. ಹೃದಯದ ಬಡಿತ ಏರುವುದು, ಉಸಿರು ಮೇಲೆ ಮೇಲೆಯೇ ಆಡುವುದು, ಮೂತ್ರಪಿಂಡಗಳ ಮೇಲಿನ ಗ್ರಂಥಿಗಳಿಂದ ಅಡ್ರಿನಲಿನ್ನೂ ಕಾರ್ಟಿಸಾಲೂ ರಕ್ತಕ್ಕೆ ಹರಿಯುವುದು, ಇವೆಲ್ಲ ಅದರ ಕರೆಯ ಫಲ. ಹಾರ್ವರ್ಡಿನ ಶರೀರಶಾಸ್ತ್ರಜ್ಞ ವಾಲ್ಟರ್ ಕ್ಯಾನನ್ 1915ರಲ್ಲಿಯೇ, ಪ್ರಾಣಿಯನ್ನು ಕಾದಾಟಕ್ಕೋ ಪಲಾಯನಕ್ಕೋ ಸಿದ್ಧಗೊಳಿಸುವ ಏರ್ಪಾಡೆಂದು ಇದನ್ನು ವಿವರಿಸಿದ್ದನು. ಕಾದಲೂ ಆಗದೆ ಓಡಲೂ ಆಗದೆ ಹೋದಾಗ ಉಳಿಯುವುದು ಮೂರನೆಯ ದಾರಿ: ಮರಗಟ್ಟಿ ನಿಲ್ಲುವುದು.

ಈ ಮೂರನೆಯ ದಾರಿಯನ್ನು ಕುರಿತು ವೈದ್ಯರು ವಿಶೇಷವಾಗಿ ಯೋಚಿಸತಕ್ಕದ್ದಿದೆ. ಕಿರಿಚುವ ರೋಗಿಯ ಕಷ್ಟವು ಎಲ್ಲರಿಗೂ ಕೇಳಿಸುತ್ತದೆ. ಕೊಸರಿಕೊಳ್ಳುವವರನ್ನು ಹಟಮಾರಿಗಳೆಂದಾದರೂ ಗುರುತಿಸುತ್ತಾರೆ. ಆದರೆ ಪರೀಕ್ಷೆಯ ಮೇಜಿನ ಮೇಲೆ ಅಲುಗಾಡದೆ, ಸೂರನ್ನು ನೋಡುತ್ತ, ಕೇಳಿದ್ದಕ್ಕೆಲ್ಲ 'ಹೂಂ' ಎನ್ನುತ್ತ ಮಲಗಿರುವ ಹೆಂಗಸನ್ನು ನಾವು ಒಳ್ಳೆಯ ರೋಗಿ ಎನ್ನುತ್ತೇವೆ. ಆಕೆ ಸಮ್ಮತಿಸಿದ್ದಾಳೋ, ಅಥವಾ ತನ್ನ ದೇಹವನ್ನು ಅಲ್ಲಿಯೇ ಬಿಟ್ಟು ಮನಸ್ಸನ್ನು ಎತ್ತಿಕೊಂಡು ಬೇರೆಲ್ಲಿಗೋ ಹೊರಟುಹೋಗಿದ್ದಾಳೋ ಎಂಬುದನ್ನು ಆ ಮೌನದಿಂದ ಮಾತ್ರವೇ ತಿಳಿಯಲಾಗದು. ಅಂಥವರು ಮತ್ತೆ ಆಸ್ಪತ್ರೆಯ ಕಡೆ ತಲೆಹಾಕದಿದ್ದಾಗ ನಾವು ಅಜ್ಞಾನವೆನ್ನುತ್ತೇವೆ, ಅಲಕ್ಷ್ಯವೆನ್ನುತ್ತೇವೆ.

ಗತಕಾಲದ ಗಾಯಕ್ಕೂ ಇಂದಿನ ಕಾಯಿಲೆಗೂ ನಂಟಿದೆಯೆಂಬ ಅರಿವು ಆಧುನಿಕ ವೈದ್ಯಕ್ಕೆ ಬಂದ ಬಗೆಯೊಂದು ಸ್ವಾರಸ್ಯವಾದದ್ದು, ದುಃಖದ್ದೂ ಅಹುದು. ಅಮೆರಿಕದ ಸ್ಯಾನ್ ಡಿಯೇಗೊ ನಗರದಲ್ಲಿ ಕೈಸರ್ ಪರ್ಮನೆಂಟೆ ಎಂಬ ವೈದ್ಯಸಂಸ್ಥೆಗೆ ಸೇರಿದ ವಿನ್ಸೆಂಟ್ ಫೆಲಿಟ್ಟಿ ಎಂಬ ವೈದ್ಯರು 1980ರ ದಶಕದಲ್ಲಿ ಅತಿಸ್ಥೂಲಕಾಯರಿಗಾಗಿ ಒಂದು ಚಿಕಿತ್ಸಾಕ್ರಮವನ್ನು ನಡೆಸುತ್ತಿದ್ದರು. ಅವರಿಗೊಂದು ಒಗಟು ಎದುರಾಯಿತು. ಚಿಕಿತ್ಸೆಯನ್ನು ಅರ್ಧಕ್ಕೇ ಬಿಟ್ಟು ಹೋಗುತ್ತಿದ್ದವರಲ್ಲಿ ಎಷ್ಟೋ ಜನ, ತೂಕ ಇಳಿಯದೆ ನಿರಾಶರಾದವರಲ್ಲ, ಚೆನ್ನಾಗಿ ಇಳಿಯುತ್ತಿದ್ದವರು. 400 ಪೌಂಡನ್ನು ಮೀರಿದ್ದ ಒಬ್ಬ ತರುಣಿ ಒಂದು ವರ್ಷದೊಳಗೆ 132 ಪೌಂಡಿಗೆ ಇಳಿದು, ಬಳಿಕ ಮೂರೇ ವಾರಗಳಲ್ಲಿ 37 ಪೌಂಡು ತೂಕವನ್ನು ಮರಳಿ ಪಡೆದಳು. ಕಾರಣವನ್ನು ಹುಡುಕುತ್ತ ಫೆಲಿಟ್ಟಿಯವರು ಬಿಟ್ಟುಹೋದವರನ್ನು ಒಬ್ಬೊಬ್ಬರನ್ನಾಗಿ ಕೂಡಿಸಿಕೊಂಡು ಹುಟ್ಟಿದಾಗಿನ ತೂಕ, ಶಾಲೆಗೆ ಸೇರಿದಾಗಿನ ತೂಕ ಎಂದು ಕೇಳುತ್ತ ಬಂದರು. ಒಂದು ದಿನ ಒಬ್ಬಾಕೆಯನ್ನು ಮೊದಲ ಲೈಂಗಿಕ ಸಂಪರ್ಕದ ವಯಸ್ಸನ್ನು ಕುರಿತು ಕೇಳಬೇಕಾದವರು, ನಾಲಗೆ ತಪ್ಪಿ, ಆಗ ಎಷ್ಟು ತೂಕವಿದ್ದಿರಿ ಎಂದುಬಿಟ್ಟರು. ಆಕೆ ನಲವತ್ತು ಪೌಂಡು ಎಂದಳು. ನಲವತ್ತು ಪೌಂಡೆಂದರೆ ಹದಿನೆಂಟು ಕಿಲೋ, ನಾಲ್ಕೈದು ವರ್ಷದ ಮಗುವಿನ ತೂಕ. ತಪ್ಪು ಕೇಳಿಸಿರಬೇಕೆಂದುಕೊಂಡು ಅವರು ಮತ್ತೆ ಅದೇ ಪ್ರಶ್ನೆಯನ್ನು ಕೇಳಿದರು. ಅದೇ ಉತ್ತರ ಬಂದಿತು. ಅದರ ಹಿಂದೆ ಕಣ್ಣೀರು ಬಂದಿತು. ಆ ಮೇಲೆ, ಅದು ತನ್ನ ತಂದೆಯಿಂದಾಯಿತೆಂಬ ಮಾತು ಬಂದಿತು.

ಅಲ್ಲಿಂದ ಮುಂದೆ ಕೇಳಿದಷ್ಟೂ ಅಂಥ ಉತ್ತರಗಳು ದೊರೆಯುತ್ತ ಹೋದವು. ದಪ್ಪಗಾದುದರಿಂದ ಯಾರ ಕಣ್ಣಿಗೂ ಬೀಳದೆ ಉಳಿದೆ, ಹಾಗೆ ಉಳಿಯುವುದೇ ತನಗೆ ಬೇಕಾಗಿತ್ತು ಎಂಬ ಅರ್ಥದ ಮಾತನ್ನು ಒಬ್ಬಾಕೆ ಹೇಳಿದಳಂತೆ. ವೈದ್ಯರು ಯಾವುದನ್ನು ರೋಗವೆಂದು ತಿಳಿದು ಗುಣಪಡಿಸಲು ಹೊರಟಿದ್ದರೋ ಅದು ಆಕೆಯ ಪಾಲಿಗೆ ಕವಚವಾಗಿತ್ತು. ಕವಚವನ್ನು ಕಳಚುತ್ತ ಬಂದಂತೆ ಭಯವು ಒಳಕ್ಕೆ ನುಗ್ಗಿ ಬರುತ್ತಿತ್ತು. ಇಷ್ಟು ತಿಳಿದ ಮೇಲೆ ಆಕೆಗೆ ಪಥ್ಯದ ಪಟ್ಟಿಯನ್ನು ಮಾತ್ರ ಕೊಟ್ಟು ಕಳುಹಿಸುವ ವೈದ್ಯನು ಏನನ್ನು ಗುಣಪಡಿಸಿದಂತಾಯಿತು?

ಫೆಲಿಟ್ಟಿಯವರೊಡನೆ ಅಮೆರಿಕದ ಸರ್ಕಾರಿ ರೋಗನಿಯಂತ್ರಣ ಕೇಂದ್ರದ ರಾಬರ್ಟ್ ಆಂಡಾ ಎಂಬವರು ಕೂಡಿಕೊಂಡರು. 1995ರಿಂದ 1997ರವರೆಗೆ, ಕೈಸರ್ ಸಂಸ್ಥೆಗೆ ಸಾಮಾನ್ಯ ತಪಾಸಣೆಗೆಂದು ಬಂದ 17,000ಕ್ಕೂ ಮಿಕ್ಕ ವಯಸ್ಕರನ್ನು ಬಾಲ್ಯದ ಕಷ್ಟಗಳ ವಿಷಯವಾಗಿ ಪ್ರಶ್ನಿಸಿ, ಉತ್ತರಗಳನ್ನು ಅವರ ಆರೋಗ್ಯದ ದಾಖಲೆಗಳೊಡನೆ ಹೊಂದಿಸಿ ನೋಡಲಾಯಿತು: ಹೊಡೆತ, ಬೈಗುಳ, ಲೈಂಗಿಕ ದೌರ್ಜನ್ಯ, ತಾಯಿಯು ಪೆಟ್ಟು ತಿನ್ನುವುದನ್ನು ಕಣ್ಣಾರೆ ಕಂಡದ್ದು, ಮನೆಯಲ್ಲಿ ಕುಡುಕರೋ ಮನೋರೋಗಿಗಳೋ ಸೆರೆಮನೆಗೆ ಹೋದವರೋ ಇದ್ದದ್ದು. ಇವರು ಕೊಳೆಗೇರಿಯವರಲ್ಲ, ವಿಮೆಯುಳ್ಳ, ಬಹುಮಟ್ಟಿಗೆ ಓದುಬರಹವುಳ್ಳ ಮಧ್ಯಮವರ್ಗದವರು. ಹಾಗಿದ್ದೂ 1998ರಲ್ಲಿ ಪ್ರಕಟವಾದ ಮೊದಲ ವರದಿಯಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಇಂಥ ಒಂದಾದರೂ ಕಷ್ಟವನ್ನು ಕಂಡವರೇ ಆಗಿದ್ದರು. ನಾಲ್ಕು ಅಥವಾ ಅದಕ್ಕೂ ಹೆಚ್ಚು ಬಗೆಯ ಕಷ್ಟಗಳನ್ನು ಕಂಡವರಲ್ಲಿ, ಏನೂ ಕಾಣದವರಿಗಿಂತ, ಕುಡಿತ, ಮಾದಕವ್ಯಸನ, ಖಿನ್ನತೆ ಮತ್ತು ಆತ್ಮಹತ್ಯೆಯ ಯತ್ನಗಳ ಸಂಭವವು ನಾಲ್ಕರಿಂದ ಹನ್ನೆರಡು ಪಟ್ಟು ಅಧಿಕವಾಗಿತ್ತು. ಹೃದ್ರೋಗ, ಕ್ಯಾನ್ಸರು, ಶ್ವಾಸಕೋಶದ ಕಾಯಿಲೆ, ಯಕೃತ್ತಿನ ರೋಗಗಳೂ ಅದೇ ಏಣಿಯನ್ನು ಹತ್ತಿ ನಿಂತಿದ್ದವು.

ಈ ಅಂಕೆಗಳನ್ನು ಜಾತಕದಂತೆ ಓದುವವರೂ ಈಗ ಹೊರಟಿದ್ದಾರೆ, ಅದು ಸಲ್ಲದು. ಒಂದು ಜನಸಮೂಹದ ವಿಷಯವಾಗಿ ನಿಜವಾದದ್ದು ಒಬ್ಬ ವ್ಯಕ್ತಿಯ ಹಣೆಬರಹವಾಗುವುದಿಲ್ಲ. ಅಂಕಗಳನ್ನು ಕೂಡಿಸಿ ಒಬ್ಬೊಬ್ಬ ರೋಗಿಯ ಭವಿಷ್ಯವನ್ನು ನಿರ್ಣಯಿಸುವುದು ತಪ್ಪು ಬಳಕೆಯೆಂದು ಆಂಡಾ ಅವರೇ 2020ರಲ್ಲಿ ಎಚ್ಚರಿಸಿದ್ದಾರೆ. ಬಾಲ್ಯದಲ್ಲಿ ಬೆಂದವರು ಬಾಳಿನಲ್ಲಿ ತಂಪಾದ ನೆರಳಾಗಿ ನಿಂತ ನಿದರ್ಶನಗಳು ನಮ್ಮ ನಿಮ್ಮ ಮನೆಗಳಲ್ಲಿಯೇ ಇವೆ. ಒಬ್ಬ ಅಜ್ಜಿ, ಒಬ್ಬ ಮೇಷ್ಟರು, ಒಬ್ಬ ಗೆಳತಿ ನಡುವೆ ಬಂದು ಕೈ ಹಿಡಿದರೆ ದಾರಿಯೇ ಬೇರೆಯಾಗುತ್ತದೆ. ಮನಸ್ಸಿಗೂ ರೋಗಕ್ಕೂ ನಂಟಿರುವುದೇನೋ ನಮ್ಮ ಹಿರಿಯರಿಗೆ ಹೊಸ ಸಂಗತಿಯಲ್ಲ. ರೋಗವನ್ನು ಉಲ್ಬಣಗೊಳಿಸುವವುಗಳಲ್ಲಿ ವಿಷಾದಕ್ಕೇ ಚರಕನು ಅಗ್ರಸ್ಥಾನವನ್ನು ಕೊಟ್ಟಿದ್ದಾನೆ. ಮೂರು ಬಗೆಯ ಚಿಕಿತ್ಸೆಗಳಲ್ಲಿ ಮನಸ್ಸನ್ನು ಗೆಲ್ಲುವ 'ಸತ್ತ್ವಾವಜಯ'ವನ್ನೂ ಒಂದಾಗಿ ಎಣಿಸಿದ್ದಾನೆ.

2001ರಲ್ಲಿ ಮ್ಯಾಕ್ಸೀನ್ ಹ್ಯಾರಿಸ್ ಮತ್ತು ರೋಜರ್ ಫ್ಯಾಲಟ್ ಎಂಬಿಬ್ಬರು ಅಮೆರಿಕನ್ ಮನಶ್ಶಾಸ್ತ್ರಜ್ಞರು, ಆಘಾತಕ್ಕೆ ಚಿಕಿತ್ಸೆ ಕೊಡುವುದೇ ಬೇರೆ, ಆಘಾತದ ಅರಿವಿನಿಂದ ಇಡೀ ಸೇವಾವ್ಯವಸ್ಥೆಯನ್ನು ತಿದ್ದಿಕೊಳ್ಳುವುದೇ ಬೇರೆ ಎಂದು ತೋರಿಸಿಕೊಟ್ಟರು. 2014ರಲ್ಲಿ ಅಲ್ಲಿನ ಸರ್ಕಾರದ ಮಾನಸಿಕ ಆರೋಗ್ಯ ಮತ್ತು ವ್ಯಸನಚಿಕಿತ್ಸೆಯ ಇಲಾಖೆಯು ಇದಕ್ಕೆ ಆರು ತತ್ತ್ವಗಳನ್ನು ಹೇಳಿತು. ಸುರಕ್ಷತೆ, ನಂಬಿಕೆ, ಸಮಾನದುಃಖಿಗಳ ನೆರವು, ಸಹಭಾಗಿತ್ವ, ಆಯ್ಕೆಯ ಅಧಿಕಾರ, ಸಂಸ್ಕೃತಿ ಮತ್ತು ಲಿಂಗಭೇದಗಳ ಅರಿವು ಎಂದು ಅವುಗಳನ್ನು ಕನ್ನಡಿಸಬಹುದು. ಅವುಗಳೊಳಗೆ ಆಯ್ಕೆಯ ಅಧಿಕಾರವೇ ಮುಖ್ಯವೆಂದು ನನ್ನ ಎಣಿಕೆ. ಏಕೆಂದರೆ ಬಲಾತ್ಕಾರದಲ್ಲಾಗಲಿ, ಯುದ್ಧದಲ್ಲಾಗಲಿ, ಮನೆಯೊಳಗಿನ ಹೊಡೆತದಲ್ಲಾಗಲಿ, ಕಳೆದುಹೋಗುವುದು ಮೊದಲು ಅದೇ: ನನ್ನ ಮೈಗೆ ಏನಾಗಬೇಕೆಂಬುದರಲ್ಲಿ ನನ್ನದೂ ಒಂದು ಮಾತಿದೆಯೆಂಬ ಭರವಸೆ. ಅದನ್ನು ಮರಳಿ ಕೊಡದೆ ಕೊಟ್ಟ ಔಷಧವು ಅರ್ಧ ಔಷಧ.

ಹಾಗಾದರೆ ಪ್ರತಿಯೊಬ್ಬ ರೋಗಿಯ ಹಳೆಯ ದುಃಖವನ್ನೂ ಕೆದಕಿ ಕೇಳಬೇಕೇ ಎಂದು ಶಂಕಿಸುವವರುಂಟು. ಕೂಡದು. ಹೇಳಲು ಸಿದ್ಧರಿಲ್ಲದವರನ್ನು ಹೇಳಿಸುವುದು ಇನ್ನೊಂದು ಬಲಾತ್ಕಾರವೇ ಆದೀತು. 1980ರ ದಶಕದಲ್ಲಿ ಏಡ್ಸ್ ಕಾಣಿಸಿಕೊಂಡಾಗ, ಯಾರ ರಕ್ತದಲ್ಲಿ ಸೋಂಕಿದೆಯೆಂದು ಗೊತ್ತಾಗದಿರುವುದರಿಂದ ಎಲ್ಲರ ರಕ್ತವನ್ನೂ ಒಂದೇ ಎಚ್ಚರಿಕೆಯಿಂದ ಮುಟ್ಟಬೇಕೆಂಬ ನಿಯಮವನ್ನು ವೈದ್ಯಲೋಕ ಮಾಡಿಕೊಂಡಿತು; ಕೈಗವಸು ಸಾರ್ವತ್ರಿಕವಾಯಿತು. ಈ ಅರಿವೂ ಅಂತಹುದೇ. ಯಾರ ಮನಸ್ಸಿನಲ್ಲಿ ಯಾವ ಗಾಯವಿದೆಯೆಂದು ಗೊತ್ತಾಗದಿರುವುದರಿಂದ ಎಲ್ಲರನ್ನೂ ಒಂದೇ ಮೃದುತ್ವದಿಂದ ಮುಟ್ಟತಕ್ಕದ್ದು. ಮೊದಲು ಹೇಳುವುದು, ಕೇಳುವುದು, ಒಪ್ಪಿದ ಮೇಲೆ ಮಾಡುವುದು, ನಿಲ್ಲಿಸಿ ಎಂದಾಗ ನಿಲ್ಲಿಸುವುದು.

ನಮ್ಮ ನಾಡಿನ ಕಡೆ ತಿರುಗಿದರೆ, ಈ ಮಾತು ಎಲ್ಲಕ್ಕಿಂತ ಹೆಚ್ಚಾಗಿ ಅನ್ವಯಿಸುವ ಕೋಣೆಯೊಂದಿದೆ: ಅತ್ಯಾಚಾರಕ್ಕೆ ಗುರಿಯಾದವರನ್ನು ಪರೀಕ್ಷಿಸುವ ಕೋಣೆ. ದೌರ್ಜನ್ಯವೊಂದನ್ನು ದಾಟಿ ಬಂದ ಹೆಣ್ಣುಮಗಳನ್ನು, 'ಎರಡು ಬೆರಳಿನ ಪರೀಕ್ಷೆ' ಎಂಬ ಹೆಸರಿನಲ್ಲಿ, ಆಕೆಗೆ ಹಿಂದೆ ಲೈಂಗಿಕ ಸಂಪರ್ಕವಿದ್ದಿತೇ ಎಂದು ನಿರ್ಣಯಿಸುವ ಪದ್ಧತಿ ನಮ್ಮ ಆಸ್ಪತ್ರೆಗಳಲ್ಲಿ ಬಹುಕಾಲ ನಡೆಯಿತು. ಅದಕ್ಕೆ ವಿಜ್ಞಾನದ ಆಧಾರವಿರಲಿಲ್ಲ. ಕರುಣೆಯ ಆಧಾರವಂತೂ ಇರಲೇ ಇಲ್ಲ. ನ್ಯಾಯವನ್ನು ಅರಸಿ ಬಂದವಳ ಮೈಮೇಲೆ ಅದೇ ಅಪರಾಧದ ಛಾಯೆಯು ಮತ್ತೊಮ್ಮೆ ಹಾಯುತ್ತಿತ್ತು. ಇದು ಆಕೆಯ ಖಾಸಗಿತನಕ್ಕೂ ಘನತೆಗೂ ವಿರುದ್ಧವೆಂದು ಸರ್ವೋಚ್ಚ ನ್ಯಾಯಾಲಯವು 2013ರಲ್ಲಿ ತೀರ್ಪಿತ್ತಿತು. 2014ರಲ್ಲಿ ಕೇಂದ್ರದ ಆರೋಗ್ಯ ಸಚಿವಾಲಯವು ಹೊರಡಿಸಿದ ಮಾರ್ಗಸೂಚಿಯು ಅದನ್ನು ನಿಷೇಧಿಸಿದ್ದಲ್ಲದೆ, ಪರೀಕ್ಷೆಗೆ ಆಕೆಯ ಸಮ್ಮತಿ ಬೇಕೆಂದೂ, ಯಾವ ಹಂತವನ್ನಾದರೂ ನಿರಾಕರಿಸುವ ಹಕ್ಕು ಆಕೆಗಿದೆಯೆಂದೂ, ನಿರಾಕರಿಸಿದಳೆಂದು ಚಿಕಿತ್ಸೆಯನ್ನು ತಡೆಯಲಾಗದೆಂದೂ ವಿಧಿಸಿತು. ಆದರೂ ಅದು ನಿಲ್ಲದಿರಲಾಗಿ, 2022ರ ಅಕ್ಟೋಬರ್ 31ರಂದು ನ್ಯಾಯಾಲಯವು ಮತ್ತೆ, ಈ ಪರೀಕ್ಷೆಯನ್ನು ಮಾಡುವವರು ದುರ್ನಡತೆಯ ಅಪರಾಧಿಗಳಾಗುವರೆಂದು ಸಾರಬೇಕಾಯಿತು. ಒಂದು ತೀರ್ಪನ್ನು ಒಂಬತ್ತು ವರ್ಷಗಳ ಮೇಲೆ ಮತ್ತೆ ಉಚ್ಚರಿಸಬೇಕಾಗಿ ಬಂದುದೇ ನಮ್ಮ ಸ್ಥಿತಿಗೆ ಸಾಕ್ಷಿ. ಮಕ್ಕಳ ವಿಷಯದಲ್ಲಿ 2012ರ ಪೋಕ್ಸೋ ಕಾಯ್ದೆಯು, ಹೆಣ್ಣುಮಗುವನ್ನು ಮಹಿಳಾ ವೈದ್ಯರೇ ಪರೀಕ್ಷಿಸತಕ್ಕದ್ದೆಂದೂ, ತಂದೆತಾಯಿಗಳೋ ಮಗು ನಂಬುವ ಇನ್ನೊಬ್ಬರೋ ಜೊತೆಯಲ್ಲಿರಬೇಕೆಂದೂ ಹೇಳುತ್ತದೆ. 'ಮಗು ನಂಬುವ' ಎಂಬ ಆ ಎರಡು ಶಬ್ದಗಳನ್ನು ಕಾಯ್ದೆಯೊಳಗೆ ಕಂಡಾಗ ನನಗೆ ಬಹಳ ಸಮಾಧಾನವಾಯಿತು.

ಇಂಥ ಕೆಲಸವನ್ನು ಕಾಯ್ದೆಗೆ ಕಾಯದೆ ಮೊದಲೇ ಮಾಡಿ ತೋರಿಸಿದವರೂ ಇದ್ದಾರೆ. ಮುಂಬಯಿಯ ಬಾಂದ್ರಾದ ಭಾಭಾ ಆಸ್ಪತ್ರೆಯಲ್ಲಿ, ನಗರಪಾಲಿಕೆಯೂ 'ಸೇಹತ್' ಎಂಬ ಸಂಶೋಧನ ಸಂಸ್ಥೆಯೂ ಕೂಡಿ, ಮನೆಯಲ್ಲಿ ಹಿಂಸೆಗೊಳಗಾದ ಹೆಂಗಸರಿಗಾಗಿ ಈ ಶತಮಾನದ ಆರಂಭದಲ್ಲಿಯೇ 'ದಿಲಾಸಾ' ಎಂಬ ಕೇಂದ್ರವನ್ನು ತೆರೆದವು. ದಿಲಾಸಾ ಎಂದರೆ ಸಾಂತ್ವನ. 'ಜಾರಿಬಿದ್ದೆ' ಎಂದು ಹೇಳಿಕೊಂಡು ಕೈ ಮುರಿದು ಬಂದವಳ ಮೂಳೆಯನ್ನು ಕೂಡಿಸಿ ಕಳುಹಿಸಿದರೆ ಮುಗಿಯಲಿಲ್ಲ, ಮನೆಯಲ್ಲಿ ಎಲ್ಲವೂ ಸರಿಯಾಗಿದೆಯೇ ಎಂದು ಏಕಾಂತದಲ್ಲಿ, ಮೆಲ್ಲಗೆ ಕೇಳುವುದೂ ಚಿಕಿತ್ಸೆಯ ಭಾಗವೆಂಬುದನ್ನು ಅಲ್ಲಿನ ದಾದಿಯರು ಕಲಿತರು.

ಇನ್ನು ಹೆರಿಗೆಯ ಕೋಣೆ. ನಮ್ಮಲ್ಲಿ ಚೊಚ್ಚಲ ಬಸುರಿಯನ್ನು ತವರಿಗೆ ಕರೆತರುವ ಸಂಪ್ರದಾಯದ ಹಿಂದೆ ಒಂದು ಆಳವಾದ ವಿವೇಕವಿದೆ: ಭಯದ ಹೊತ್ತಿನಲ್ಲಿ ಪರಿಚಿತ ಮುಖವೊಂದು ಹತ್ತಿರವಿರಬೇಕು. ಪಾವಗಡ ಸೀಮೆಯಲ್ಲಿ 15,000ಕ್ಕೂ ಹೆಚ್ಚು ಹೆರಿಗೆಗಳನ್ನು ಪ್ರತಿಫಲವಿಲ್ಲದೆ ಮಾಡಿಸಿ, 2018ರಲ್ಲಿ ಪದ್ಮಶ್ರೀ ಪಡೆದ ಸೂಲಗಿತ್ತಿ ನರಸಮ್ಮನವರು ಹೆರುವವರ ಪಾಲಿಗೆ ಅಂಥ ಪರಿಚಿತ ಮುಖವಾಗಿದ್ದರು. ಆಸ್ಪತ್ರೆಯ ಹೆರಿಗೆಯು ತಾಯಂದಿರ ಮರಣವನ್ನು ಬಹಳವಾಗಿ ತಗ್ಗಿಸಿರುವುದು ನಿಶ್ಚಯ. ಹಳೆಯ ಕಾಲಕ್ಕೆ ಮರಳೋಣವೆಂದು ನಾನು ಹೇಳುತ್ತಿಲ್ಲ. ಆದರೆ ಜೀವವನ್ನುಳಿಸುವ ಅದೇ ಬಾಗಿಲು, ತವರಿನಿಂದ ಜೊತೆಗೆ ಬಂದ ತಾಯಿಯನ್ನು ಹೊರಗೆ ನಿಲ್ಲಿಸಿ ಮುಚ್ಚಿಕೊಳ್ಳುತ್ತದೆ. ಒಳಗೆ ನೋವಿನಿಂದ ಕೂಗಿದವಳಿಗೆ, "ಗಂಡನ ಜೊತೆ ಇರುವಾಗ ಗೊತ್ತಿರಲಿಲ್ಲವೇ?" ಎಂಬ ಮಾತೂ, ಕೆಲವೊಮ್ಮೆ ತೊಡೆಯ ಮೇಲೆ ಏಟೂ ದೊರೆಯುವುದುಂಟೆಂಬುದು ಹೆತ್ತವರೆಲ್ಲ ಬಲ್ಲ, ಯಾರೂ ಗಟ್ಟಿಯಾಗಿ ಹೇಳದ ಸಂಗತಿ. ಪರದೆಯಿಲ್ಲದ ಮಂಚದ ಮೇಲೆ, ಬಂದವರು ಹೋದವರೆಲ್ಲ ನೋಡುವಂತೆ ಮಲಗಿಸುವುದು, ಹೇಳದೆ ಕೇಳದೆ ಒಬ್ಬರಾದ ಮೇಲೊಬ್ಬರು ಒಳಪರೀಕ್ಷೆ ಮಾಡುವುದು, ಇವುಗಳಿಂದ ಎರಡನೆಯ ಹೆರಿಗೆಗೆ ಆಸ್ಪತ್ರೆಯ ಹೆಸರೆತ್ತಿದರೆ ನಡುಗುವ ಹೆಂಗಸರನ್ನು ನಾನು ಬಲ್ಲೆ. ಆಸ್ಪತ್ರೆಯು ಹಳೆಯ ಗಾಯಕ್ಕೆ ತಗಲುವುದಷ್ಟೇ ಅಲ್ಲ, ಹೊಸ ಗಾಯವನ್ನೂ ಮಾಡಬಲ್ಲುದು.

ವಿಶ್ವ ಆರೋಗ್ಯ ಸಂಸ್ಥೆಯು 2014ರಲ್ಲಿ ಹೆರಿಗೆಯ ವೇಳೆಯ ಅಗೌರವ ಹಾಗೂ ನಿಂದನೆಗಳನ್ನು ತೊಡೆದುಹಾಕಬೇಕೆಂದು ಹೇಳಿಕೆಯನ್ನು ಹೊರಡಿಸಿತು. ನಮ್ಮ ಕೇಂದ್ರ ಸರ್ಕಾರವು 2016ರಲ್ಲಿ ಸರ್ಕಾರಿ ಆಸ್ಪತ್ರೆಗಳ ಹೆರಿಗೆ ಕೋಣೆಯೊಳಗೆ ಒಬ್ಬ ಹೆಂಗಸು ಜೊತೆಗಿರಲು ಅವಕಾಶವಿತ್ತಿತು. 2017ರ ಡಿಸೆಂಬರಿನಲ್ಲಿ ಆರಂಭವಾದ 'ಲಕ್ಷ್ಯ' ಯೋಜನೆಯಲ್ಲಿ ಮಂಚ ಮಂಚದ ನಡುವಣ ಪರದೆ, ಜೊತೆಗಾತಿ, ಗೌರವದ ನಡವಳಿಕೆಗಳೂ ಸೇರಿವೆ. ಈ ಅವಕಾಶವಿದೆಯೆಂಬುದು ಎಷ್ಟೋ ತಾಯಂದಿರಿಗೆ ತಿಳಿಯದೆ, ಬಾಗಿಲ ಹೊರಗೆ ಬೆಂಚಿನ ಮೇಲೆ ರಾತ್ರಿಯೆಲ್ಲ ಕುಳಿತಿರುತ್ತಾರೆ.

ಬಳಗದವರನ್ನು ಹತ್ತಿರ ಕರೆದುಕೊಳ್ಳುವುದು ಪರದೇಶದಿಂದ ಬಂದ ವಿಚಾರವೂ ಅಲ್ಲ. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರರು ಆವರಣದಲ್ಲಿ ಡೇರೆಗಳನ್ನು ಹಾಕಿಸಿ, ರೋಗಿಗಳೊಡನೆ ಅವರ ಮನೆಯವರನ್ನೂ ಇರಿಸಿಕೊಂಡು ಉಪಚರಿಸಿದರು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮನೆಯವರೂ ಕೂಡ ಇರತಕ್ಕ ಕುಟುಂಬ ವಾರ್ಡುಗಳು ಇಂದಿಗೂ ಇವೆ. 1984ರ ಡಿಸೆಂಬರಿನಲ್ಲಿ ಭೋಪಾಲದಲ್ಲಿ ವಿಷಾನಿಲ ಸೋರಿ ಸಾವಿರಾರು ಜನ ಮಡಿದಾಗ, ಎಲ್ಲರ ಗಮನವೂ ಕಣ್ಣು ಮತ್ತು ಶ್ವಾಸಕೋಶಗಳ ಮೇಲಿದ್ದ ಹೊತ್ತಿನಲ್ಲಿ, ನಿಮ್ಹಾನ್ಸ್‌ನ ಡಾ. ಆರ್. ಶ್ರೀನಿವಾಸಮೂರ್ತಿಯವರೂ ಅವರ ಸಂಗಡಿಗರೂ ಬದುಕಿ ಉಳಿದವರ ಮನಸ್ಸಿನ ಸ್ಥಿತಿಯನ್ನು ಪರಿಶೀಲಿಸಿ, ಅಲ್ಲಿನ ಸಾಮಾನ್ಯ ವೈದ್ಯರಿಗೇ ಆ ನೋವನ್ನು ಗುರುತಿಸುವ ತರಬೇತಿ ಕೊಟ್ಟರು. ಅದಕ್ಕೆ ವಿರುದ್ಧವಾದ ಚಿತ್ರವೂ ನಮ್ಮದೇ. ತಮಿಳುನಾಡಿನ ಏರ್ವಾಡಿಯಲ್ಲಿ ಮಾನಸಿಕ ರೋಗಿಗಳನ್ನು ಇರಿಸಿಕೊಂಡಿದ್ದ ಆಶ್ರಯಧಾಮವೊಂದಕ್ಕೆ 2001ರ ಆಗಸ್ಟ್ 6ರಂದು ಬೆಂಕಿ ಹತ್ತಿಕೊಂಡಾಗ 25ಕ್ಕೂ ಹೆಚ್ಚು ಮಂದಿ ಪ್ರಾಣಬಿಟ್ಟರು. ಅವರ ಕಾಲಿಗೆ ಸರಪಳಿ ಬಿಗಿದಿತ್ತು. ಮಾನಸಿಕ ರೋಗಿಯನ್ನು ಸರಪಳಿಯಿಂದ ಬಿಗಿಯುವುದನ್ನೂ, ಅರಿವಳಿಕೆಯಿಲ್ಲದೆ ವಿದ್ಯುತ್ ಚಿಕಿತ್ಸೆ ಕೊಡುವುದನ್ನೂ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯು ನಿಷೇಧಿಸಿದೆ.

ಇದಕ್ಕೆಲ್ಲ ಸಮಯವೆಲ್ಲಿದೆ ಎಂದು ವೈದ್ಯರು ಕೇಳುತ್ತಾರೆ. ಅದು ನೆವವಲ್ಲ, ಬೆಳಗಿನಿಂದ ಮಧ್ಯಾಹ್ನದೊಳಗೆ ನೂರಾರು ಚೀಟಿಗಳನ್ನು ನೋಡಿ ಮುಗಿಸಬೇಕಾದವರ ನಿಜವಾದ ಸಂಕಟ. ಮೂವತ್ತಾರು ಗಂಟೆ ಎಡೆಬಿಡದೆ ದುಡಿದ ಕಿರಿಯ ವೈದ್ಯೆಯಿಂದ, ಹೆಣವನ್ನು ಹಸ್ತಾಂತರಿಸಿದ ಕೈಯಲ್ಲೇ ಮುಂದಿನ ರೋಗಿಯ ನಾಡಿ ಹಿಡಿಯಬೇಕಾದ ದಾದಿಯಿಂದ, ಬಂಧುಗಳ ಏಟಿಗೆ ಹೆದರಿ ಬಾಗಿಲು ಮುಚ್ಚಿಕೊಳ್ಳುವ ಸಿಬ್ಬಂದಿಯಿಂದ ಅಂತಃಕರಣವನ್ನು ಮಾತ್ರ ನಿರೀಕ್ಷಿಸಿ, ಅವರಿಗೆ ನಿದ್ರೆಯನ್ನೂ ರಕ್ಷಣೆಯನ್ನೂ ಕೊಡದಿರುವುದು ಅನ್ಯಾಯ. ಆಘಾತದ ಅರಿವೆಂಬುದು ರೋಗಿಯನ್ನು ಕುರಿತದ್ದಷ್ಟೇ ಆಗಿ, ಆರೈಕೆ ಮಾಡುವವರನ್ನು ಬಿಟ್ಟರೆ, ಅದು ಬಹುಕಾಲ ಬಾಳಲಾರದು. ಹುದ್ದೆಗಳನ್ನು ಭರ್ತಿ ಮಾಡಬೇಕಾದವರು, ಪಾಳಿಗಳನ್ನು ಹಂಚಬೇಕಾದವರು ಇದಕ್ಕೆ ಉತ್ತರ ಹೇಳಬೇಕು.

ಆದರೂ ಸಮಯದ ಲೆಕ್ಕವನ್ನು ಪೂರ್ತಿಯಾಗಿ ಹಾಕಿ ನೋಡಬೇಕು. ಆ ದಾದಿಯು ನನ್ನ ಅತ್ತೆಯೊಡನೆ ಆಡಿದ ಮಾತುಗಳು ಒಂದು ನಿಮಿಷಕ್ಕೆ ಮೀರಿದವಲ್ಲ. ಮೊದಲನೆಯ ಕಡೆ ಉಳಿಸಿದ ಆ ಒಂದು ನಿಮಿಷಕ್ಕಾಗಿ, ಅಷ್ಟು ಏರಿದ ಒತ್ತಡವು ಮೂರು ತಿಂಗಳು ಮದ್ದಿಲ್ಲದೆ ಉಳಿಯಿತು. ಮೆಟ್ಟಿಲಿನಲ್ಲಿ ಬಿದ್ದು ಮಣಿಕ‌ಟ್ಟಿನ ಮೂಳೆ ಸೀಳಿತು. ಆಮೇಲೆ ಒಂಬತ್ತು ವರ್ಷ ಅತ್ತೆ ತಿಂಗಳು ತಪ್ಪದೆ ಅದೇ ದಾದಿಯ ಬಳಿಗೆ ಹೋದರು. ಅಷ್ಟು ವರ್ಷಗಳಲ್ಲಿ ಆಕೆ ಕೈ ಎತ್ತಿದ್ದು ಒಂದೇ ಸಲ. ಸಿಸ್ಟರು ಒಡನೆಯೇ ಪಟ್ಟಿ ಬಿಚ್ಚಿ, ನೀರು ಕುಡಿಸಿ, ಏಕೆಂದು ಕೇಳದೆ, ಮತ್ತೆ ಕಟ್ಟಿದರು.

ಓದುಗರಲ್ಲಿ ನನ್ನದೊಂದು ಪ್ರಾರ್ಥನೆ. ಆಸ್ಪತ್ರೆಯ ಹೆಸರೆತ್ತಿದರೆ ಮೈ ಸೆಟೆಯುವವರು ನಿಮ್ಮ ಮನೆಯಲ್ಲಿದ್ದರೆ ಗದರಿಸಬೇಡಿ, ಕಾರಣವನ್ನು ಹೇಳೆಂದು ಒತ್ತಾಯಿಸಲೂ ಬೇಡಿ; ಜೊತೆಗೆ ಹೋಗಿ, ಬಾಗಿಲೊಳಗೂ ಜೊತೆಗಿರಲು ಬಿಡಬೇಕೆಂದು ಕೇಳಿ. ಅಂಥ ಭಯವು ನಿಮ್ಮದೇ ಆಗಿದ್ದರೆ, ಪರೀಕ್ಷೆಗೆ ಮೊದಲೇ, "ನನಗೆ ಇದು ಕಷ್ಟ, ಏನು ಮಾಡುತ್ತೀರೆಂದು ಹೇಳಿ ಮಾಡಿ, ನಿಲ್ಲಿಸಿ ಎಂದರೆ ನಿಲ್ಲಿಸಿ" ಎಂದು ಹೇಳಿಬಿಡಿ, ಕಾರಣವನ್ನು ತಿಳಿಸಬೇಕಾದ ಹಂಗು ನಿಮಗಿಲ್ಲ. ಯಾರೊಡನೆಯಾದರೂ ಮಾತನಾಡಬೇಕೆನ್ನಿಸಿದರೆ 'ಟೆಲಿ ಮಾನಸ್' ಎಂಬ ಸರ್ಕಾರಿ ಸಹಾಯವಾಣಿಯಿದೆ. ಅದರ ಸಂಖ್ಯೆ 14416. ಹಗಲಾಗಲಿ ಇರುಳಾಗಲಿ, ಹಣ ತೆರದೆ, ಕನ್ನಡದಲ್ಲಿಯೇ ಮಾತನಾಡಬಹುದು.